ನೂರು ಪೌಂಡಿನ ಉಸಿರು: ಎಡ್ವರ್ಡ್ ಬೋತ್ ಎಂಬ ಯಂತ್ರಶಿಲ್ಪಿ

ಯಂತ್ರ ಒಂದು, ಉಸಿರು ನಿಲ್ಲುತ್ತಿರುವ ಮಕ್ಕಳು ಹಲವರು. ಯಾರನ್ನು ಯಂತ್ರದೊಳಗೆ ಮಲಗಿಸಬೇಕು, ಯಾರನ್ನು ಹೊರಗೆ ಬಿಡಬೇಕು? ವೈದ್ಯನಾದವನಿಗೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಇನ್ನೊಂದಿಲ್ಲ. 1937ರಲ್ಲಿ ಆಸ್ಟ್ರೇಲಿಯದ ಆಸ್ಪತ್ರೆಗಳಲ್ಲಿ ಈ ಪರೀಕ್ಷೆ ಮತ್ತೆ ಮತ್ತೆ ಎದುರಾಯಿತು. ಆ ಇಕ್ಕಟ್ಟಿಗೆ ವೈದ್ಯಶಾಸ್ತ್ರದಿಂದ ತತ್‌ಕ್ಷಣದ ಉತ್ತರ ಬರಲಿಲ್ಲ. ಉತ್ತರ ಬಂದದ್ದು ಅಡಿಲೇಡ್ ನಗರದ ಒಂದು ಪುಟ್ಟ ಕಾರ್ಯಾಗಾರದಿಂದ, ಪ್ಲೈವುಡ್ ಹಲಗೆಗಳ ರೂಪದಲ್ಲಿ. ಅದನ್ನು ಕೊಟ್ಟವರು ಇಪ್ಪತ್ತೊಂಬತ್ತರ ಹರೆಯದ ಎಡ್ವರ್ಡ್ ಥಾಮಸ್ ಬೋತ್. ಬಲ್ಲವರ ಪಾಲಿಗೆ ಬರೀ ಟೆಡ್ ಬೋತ್.

ಆಸ್ಟ್ರೇಲಿಯದ ಪತ್ರಿಕೆಗಳು ಅವರನ್ನು ತಮ್ಮ ದೇಶದ ಎಡಿಸನ್ ಎಂದು ಕರೆದವು. ಆದರೆ ಎಡಿಸನ್ನನಿಗೆ ದೊರೆತ ಜಗದ್ವಿಖ್ಯಾತಿ ಬೋತ್ ಅವರಿಗೆ ದೊರೆಯಲಿಲ್ಲ. ಅವರ ಯಂತ್ರ ಸಾವಿರಾರು ಜನರ ಉಸಿರನ್ನು ಹಿಡಿದು ನಿಲ್ಲಿಸಿತು. ಅವರ ಹೆಸರು ಮಾತ್ರ ಮೆಲ್ಲಗೆ ಮರೆಗೆ ಸರಿಯಿತು. 2020ರಲ್ಲಿ ಕೊರೊನಾ ಸೋಂಕು ಹಬ್ಬಿ, ವೆಂಟಿಲೇಟರ್ ಎಂಬ ಪದ ಹಳ್ಳಿಯ ಜಗುಲಿಯ ಮಾತಿನಲ್ಲೂ ಬೆರೆತುಹೋದ ಮೇಲೆ, ಅಗ್ಗದ ಉಸಿರಾಟ ಯಂತ್ರವನ್ನು ತುರ್ತಾಗಿ ಕಟ್ಟಲು ಹೊರಟವರ ಸಾಲಿನ ಈ ಹಿರಿಯನ ಬದುಕು ಮತ್ತೆ ನೆನಪಿಗೆ ಬರುವಂತಾಗಿದೆ.

ಗೋಧಿ ಸೀಮೆಯ ಹುಡುಗ

ಎಡ್ವರ್ಡ್ ಬೋತ್ ಹುಟ್ಟಿದ್ದು 1908ರಲ್ಲಿ, ದಕ್ಷಿಣ ಆಸ್ಟ್ರೇಲಿಯದ ಉತ್ತರ ಭಾಗದ ಗೋಧಿ ಸೀಮೆಯಲ್ಲಿ. ಕ್ಯಾಲ್ಟೋವಿ ಎಂಬ ಸಣ್ಣ ಊರು ಅವರ ಬಾಲ್ಯದ ನೆಲೆ. ಅಲ್ಲಿಂದ ರಾಜಧಾನಿ ಅಡಿಲೇಡ್ ದೂರ. ಊರಿನಲ್ಲಿ ಏನಾದರೂ ಕೆಟ್ಟರೆ ನಗರದಿಂದ ಹೊಸದನ್ನು ತರಿಸಿಕೊಳ್ಳುವುದಕ್ಕಿಂತ ಇದ್ದುದನ್ನೇ ಸರಿಪಡಿಸಿಕೊಳ್ಳುವುದು ಇಂಥ ಸೀಮೆಗಳ ರೂಢಿ. ಕೈಯಲ್ಲಿರುವ ಸಾಮಗ್ರಿಯಿಂದಲೇ ಕೆಲಸ ಸಾಗಿಸುವ ಆ ಗುಣ ಬೋತ್ ಅವರ ಮುಂದಿನ ಎಲ್ಲ ಕೆಲಸಗಳಲ್ಲಿಯೂ ಕಾಣುತ್ತದೆ.

ತರುಣ ಬೋತ್ ಅಡಿಲೇಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗವನ್ನು ಸೇರಿದರು. ಆ ವಿಭಾಗಕ್ಕೆ ಒಂದು ದೊಡ್ಡ ಪರಂಪರೆಯಿತ್ತು. ಮುಂದೆ ಮಗನೊಡನೆ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ವಿಲಿಯಂ ಬ್ರಾಗ್ ಒಂದು ಕಾಲದಲ್ಲಿ ಅಲ್ಲಿ ಪಾಠ ಹೇಳಿದವರು. ಬೋತ್ ಸೇರಿದಾಗ ವಿಭಾಗದ ಹೊಣೆ ಪ್ರೊಫೆಸರ್ ಕೆರ್ ಗ್ರಾಂಟ್ ಅವರದಾಗಿತ್ತು. ಅವರ ಸಹಾಯಕರಾಗಿ ಬೋತ್ ಉಪಕರಣಗಳನ್ನು ಕಟ್ಟುವ, ತಿದ್ದುವ ಕೆಲಸದಲ್ಲಿ ತೊಡಗಿದರು.

ಈ ಹುಡುಗನ ಕೈಚಳಕವನ್ನು ಗ್ರಾಂಟ್ ಬಹುಬೇಗ ಗುರುತಿಸಿದರು. ಸೂತ್ರಗಳನ್ನು ಬರೆಯಬಲ್ಲವರು ವಿಭಾಗದಲ್ಲಿ ಅನೇಕರಿದ್ದರು. ಆ ಸೂತ್ರವನ್ನು ಲೋಹ, ಮರ ಮತ್ತು ತಂತಿಗಳಲ್ಲಿ ನಿಲ್ಲಿಸಿ ತೋರಿಸಬಲ್ಲವರು ವಿರಳ. ಗುರುವಿನ ಪ್ರೋತ್ಸಾಹದಿಂದಲೇ ಬೋತ್ ಇಕ್ವಿಪ್‌ಮೆಂಟ್ ಲಿಮಿಟೆಡ್ ಎಂಬ ಸಣ್ಣ ಸಂಸ್ಥೆ ಹುಟ್ಟಿಕೊಂಡಿತು. ವೈದ್ಯಕೀಯ ಉಪಕರಣಗಳ ತಯಾರಿಕೆಯೇ ಅದರ ಮುಖ್ಯ ಕಸುಬು. ತಮ್ಮ ಡೊನಾಲ್ಡ್ ಅಣ್ಣನ ಕೆಲಸಕ್ಕೆ ಹೆಗಲು ಕೊಟ್ಟರು.

ಹೃದಯದ ಗೆರೆ ಕಣ್ಣೆದುರಿಗೆ

ಬೋತ್ ಅವರಿಗೆ ಮೊದಲು ಹೆಸರು ತಂದದ್ದು ಉಸಿರಾಟ ಯಂತ್ರವಲ್ಲ, ಹೃದಯದ ಬಡಿತವನ್ನು ದಾಖಲಿಸುವ ಇಸಿಜಿ ಯಂತ್ರ. ಆ ಕಾಲದ ಇಸಿಜಿ ಯಂತ್ರಗಳು ಹೃದಯದ ವಿದ್ಯುತ್ ಮಿಡಿತವನ್ನು ಛಾಯಾಚಿತ್ರದ ಕಾಗದದ ಮೇಲೆ ಮೂಡಿಸುತ್ತಿದ್ದವು. ಆ ಕಾಗದವನ್ನು ಕತ್ತಲ ಕೋಣೆಗೆ ಒಯ್ದು, ರಾಸಾಯನಿಕಗಳಲ್ಲಿ ಅದ್ದಿ, ಚಿತ್ರ ಮೂಡಿದ ಬಳಿಕವಷ್ಟೇ ವೈದ್ಯರು ನೋಡಬೇಕಾಗಿತ್ತು. ಎದೆನೋವಿನಿಂದ ನರಳುವ ರೋಗಿಯ ಪಕ್ಕದಲ್ಲಿ ನಿಂತವರಿಗೆ ಆ ಕಾಯುವಿಕೆ ಎಷ್ಟು ದೀರ್ಘವೆನಿಸಿರಬಹುದು ಎಂಬುದನ್ನು ಊಹಿಸಬಹುದು.

1932ರ ಸುಮಾರಿಗೆ ಬೋತ್ ರೂಪಿಸಿದ ಯಂತ್ರ ಈ ವಿಳಂಬವನ್ನು ನಿವಾರಿಸಿತು. ಗೆರೆ ಮೂಡಿದಂತೆಯೇ ಓದಬಹುದು. ಯಂತ್ರವನ್ನು ರೋಗಿಯ ಬಳಿಗೇ ಹೊತ್ತೊಯ್ಯಬಹುದು. ರೋಗಿಯ ಹಾಸಿಗೆಯ ಪಕ್ಕದಲ್ಲಿ, ಬೇಕಾದ ಗಳಿಗೆಯಲ್ಲಿ ದೊರೆಯದ ಉಪಕರಣ ಎಷ್ಟೇ ಸೊಗಸಾಗಿದ್ದರೂ ಉಪಯೋಗವಿಲ್ಲ ಎಂಬ ತಿಳಿವು ಅವರ ಈ ಮೊದಲ ದೊಡ್ಡ ಕೆಲಸದಲ್ಲಿಯೇ ಎದ್ದು ಕಾಣುತ್ತದೆ. ಐದು ವರ್ಷಗಳ ತರುವಾಯ ಬಂದೆರಗಿದ ಪಿಡುಗಿನಲ್ಲಿ ಅದೇ ತಿಳಿವು ಜೀವಗಳನ್ನು ಉಳಿಸಿತು.

ಸ್ನಾಯುಗಳಿಗೆ ಬಿದ್ದ ಪೆಟ್ಟು

1937ರ ನಡುವಿನಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದಲ್ಲಿ ಪೋಲಿಯೊ ಉಲ್ಬಣಿಸಿತು. ಮರುವರ್ಷದವರೆಗೂ ನೆರೆಯ ರಾಜ್ಯಗಳನ್ನು ಕಾಡಿತು. ಶಾಲೆಗಳಿಗೆ ಬೀಗ ಬಿತ್ತು. ಮಕ್ಕಳು ರಾಜ್ಯದ ಗಡಿ ದಾಟದಂತೆ ತಡೆಯೊಡ್ಡಲಾಯಿತು. ರೋಗಕ್ಕೆ ಮದ್ದಿರಲಿಲ್ಲ, ಲಸಿಕೆ ಬರಲು ಇನ್ನೂ ಹದಿನೆಂಟು ವರ್ಷ ಬಾಕಿಯಿತ್ತು.

ಪೋಲಿಯೊ ಎಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಸೊರಗಿದ ಕಾಲು, ಊರುಗೋಲು. ಆದರೆ ಅದರ ಭೀಕರ ರೂಪ ಬೇರೆಯೇ ಇತ್ತು. ಈ ವೈರಾಣು ಬೆನ್ನುಹುರಿಯ ನರಕೋಶಗಳನ್ನು ಹಾಳುಗೆಡವಿದಾಗ, ಆ ನರಗಳು ನಡೆಸುವ ಸ್ನಾಯುಗಳು ಸ್ತಬ್ಧವಾಗುತ್ತವೆ. ಪೆಟ್ಟು ಎದೆಗೂಡಿನ ಸ್ನಾಯುಗಳಿಗೂ ವಪೆಗೂ ತಗುಲಿದರೆ ಉಸಿರಾಟವೇ ನಿಲ್ಲುತ್ತದೆ. ಶ್ವಾಸಕೋಶ ಆರೋಗ್ಯವಾಗಿಯೇ ಇರುತ್ತದೆ. ಅದನ್ನು ಹಿಗ್ಗಿಸುವ ಬಲ ಮಾತ್ರ ಇರುವುದಿಲ್ಲ. ಮಗುವಿಗೆ ಪೂರ್ಣ ಎಚ್ಚರವಿರುತ್ತದೆ, ಮಾತು ಕೇಳಿಸುತ್ತದೆ, ತಾಯಿಯ ಮುಖ ಕಾಣುತ್ತದೆ. ಉಸಿರೆಳೆದುಕೊಳ್ಳಲು ಮಾತ್ರ ಆಗುವುದಿಲ್ಲ.

ಇಂಥ ರೋಗಿಗಳ ವಿಷಯದಲ್ಲಿ ಒಂದು ಆಶಾಕಿರಣವೂ ಇತ್ತು. ಹಲವರಲ್ಲಿ ಕೆಲವು ದಿನ ಇಲ್ಲವೇ ಕೆಲವು ವಾರ ಕಳೆದರೆ ಸ್ನಾಯುಗಳು ಮತ್ತೆ ಚೇತರಿಸಿಕೊಳ್ಳುತ್ತಿದ್ದವು. ಅಲ್ಲಿಯವರೆಗೆ ಬೇರೆ ಯಾವುದಾದರೂ ಬಲ ಅವರ ಪರವಾಗಿ ಉಸಿರಾಡಿಸಿದರೆ ಸಾಕಾಗಿತ್ತು.

ಬಾಸ್ಟನ್ನಿನ ಕಬ್ಬಿಣದ ಪೆಟ್ಟಿಗೆ

ಅಂಥದೊಂದು ಯಂತ್ರ ಆಗಲೇ ಜಗತ್ತಿನಲ್ಲಿತ್ತು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಫಿಲಿಪ್ ಡ್ರಿಂಕರ್ ಮತ್ತು ಲೂಯಿ ಅಗಾಸಿ ಶಾ ಅದನ್ನು ನಿರ್ಮಿಸಿದ್ದರು. 1928ರ ಅಕ್ಟೋಬರಿನಲ್ಲಿ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ, ಉಸಿರು ನಿಲ್ಲುವ ಹಂತ ತಲುಪಿದ್ದ ಎಂಟು ವರ್ಷದ ಬಾಲಕಿಯನ್ನು ಅದರಲ್ಲಿ ಮಲಗಿಸಿದಾಗ ಕೆಲವೇ ಕ್ಷಣಗಳಲ್ಲಿ ಆಕೆ ಚೇತರಿಸಿಕೊಂಡಳು. ಕೆಲವು ದಿನಗಳ ಬಳಿಕ ನ್ಯುಮೋನಿಯಾ ಆಕೆಯನ್ನು ಬಲಿ ತೆಗೆದುಕೊಂಡಿತು. ಆದರೂ ಯಂತ್ರದ ತತ್ವ ಸರಿ ಎಂಬುದು ರುಜುವಾತಾಗಿತ್ತು.

ತತ್ವ ಸರಳವಾದದ್ದು. ಗಾಳಿಯಾಡದಂತೆ ಮುಚ್ಚಿದ ಪೆಟ್ಟಿಗೆಯಲ್ಲಿ ರೋಗಿಯನ್ನು ಮಲಗಿಸುವುದು. ತಲೆ ಮಾತ್ರ ಹೊರಗೆ. ಕುತ್ತಿಗೆಯ ಸುತ್ತ ರಬ್ಬರಿನ ಪಟ್ಟಿ. ಪೆಟ್ಟಿಗೆಯೊಳಗಿನ ಗಾಳಿಯನ್ನು ಸ್ವಲ್ಪ ಹೊರಗೆಳೆದರೆ ಒಳಗಿನ ಒತ್ತಡ ತಗ್ಗಿ ಎದೆ ಹಿಗ್ಗುತ್ತದೆ. ಆಗ ಹೊರಗಿನ ಗಾಳಿ ಮೂಗು ಬಾಯಿಗಳ ಮೂಲಕ ತಾನಾಗಿ ಶ್ವಾಸಕೋಶಕ್ಕೆ ನುಗ್ಗುತ್ತದೆ. ಪೆಟ್ಟಿಗೆಗೆ ಮತ್ತೆ ಗಾಳಿ ಬಿಟ್ಟರೆ ಎದೆ ಕುಗ್ಗಿ ಉಸಿರು ಹೊರಬೀಳುತ್ತದೆ. ಜನ ಇದನ್ನು ಕಬ್ಬಿಣದ ಶ್ವಾಸಕೋಶ ಎಂದು ಕರೆದರು.

ತೊಡಕಿದ್ದದ್ದು ಬೆಲೆಯಲ್ಲಿ ಮತ್ತು ಭಾರದಲ್ಲಿ. ಲೋಹದ ದೊಡ್ಡ ಉರುಳೆ, ಅದಕ್ಕೆ ತಕ್ಕ ಯಂತ್ರಭಾಗಗಳು. ಅಮೆರಿಕದಲ್ಲಿಯೇ ಅದು ದುಬಾರಿಯೆನಿಸಿತ್ತು. 1931ರಲ್ಲಿ ಜಾನ್ ಹೇವನ್ ಎಮರ್ಸನ್ ಎಂಬ ತಂತ್ರಜ್ಞರು ಅದಕ್ಕಿಂತ ಅಗ್ಗವಾದ, ಬಳಸಲು ಸುಲಭವಾದ ಮಾದರಿಯನ್ನು ಹೊರತಂದರು. ಹಾರ್ವರ್ಡ್ ಮತ್ತು ಡ್ರಿಂಕರ್ ಅವರ ವಿರುದ್ಧ ನ್ಯಾಯಾಲಯಕ್ಕೆ ಹೋದರು. ಮೊಕದ್ದಮೆ ಎಮರ್ಸನ್ ಪರವಾಗಿ ಮುಗಿಯಿತು. ಇಷ್ಟಾದರೂ ಸಾಗರದಾಚೆಯ ಆಸ್ಟ್ರೇಲಿಯಕ್ಕೆ ಅಮೆರಿಕದ ಯಂತ್ರ ಕೈಗೆಟುಕುವಂತಿರಲಿಲ್ಲ. ಹಣ ಹೊಂದಿಸಿದರೂ ಅದು ಹಡಗಿನಲ್ಲಿ ಬರಬೇಕು. ಪೋಲಿಯೊ ಅಷ್ಟು ದಿನ ಕಾಯುವ ರೋಗವಾಗಿರಲಿಲ್ಲ.

ಬಡಗಿಯ ಕೆಲಸವಾದ ಯಂತ್ರ

ದಕ್ಷಿಣ ಆಸ್ಟ್ರೇಲಿಯದ ಆರೋಗ್ಯ ಇಲಾಖೆ ಬೋತ್ ಸಹೋದರರ ಮೊರೆಹೊಕ್ಕಿತು. ಕಡಿಮೆ ಬೆಲೆಯಲ್ಲಿ, ಬೇಗನೆ, ಸ್ಥಳೀಯವಾಗಿಯೇ ತಯಾರಿಸಬಹುದಾದ ಒಂದು ಉಸಿರಾಟ ಯಂತ್ರ ಬೇಕಾಗಿತ್ತು.

ಬೋತ್ ಡ್ರಿಂಕರ್ ಯಂತ್ರದ ತತ್ವವನ್ನು ಹಾಗೆಯೇ ಇಟ್ಟುಕೊಂಡರು, ಅದರ ಮೈಯನ್ನು ಬದಲಿಸಿದರು. ಗಾಳಿಯನ್ನು ಹಿಡಿದಿಡುವ ಪೆಟ್ಟಿಗೆ ಲೋಹದ್ದೇ ಆಗಬೇಕೆಂದಿಲ್ಲ. ಒಳಗಿನ ಒತ್ತಡದ ಏರಿಳಿತ ಅಲ್ಪವಾದದ್ದು. ಚೆನ್ನಾಗಿ ಕೂಡಿಸಿದ ಪ್ಲೈವುಡ್ ಹಲಗೆ ಅದನ್ನು ತಡೆದುಕೊಳ್ಳಬಲ್ಲದು. ಪ್ಲೈವುಡ್ ಊರಲ್ಲೇ ಸಿಗುತ್ತದೆ, ಹಗುರವಾಗಿರುತ್ತದೆ. ಮುಖ್ಯವಾಗಿ, ಅದನ್ನು ಕೊಯ್ದು ಜೋಡಿಸಲು ಬಡಗಿ ಸಾಕು. ಉರುಳೆಯ ಆಕಾರವನ್ನು ಕೈಬಿಟ್ಟು ಬೋತ್ ಉದ್ದನೆಯ ಪೆಟ್ಟಿಗೆಯ ಆಕಾರವನ್ನು ಆರಿಸಿಕೊಂಡರು. ನೋಡುವವರಿಗೆ ಅದು ಶವಪೆಟ್ಟಿಗೆಯನ್ನು ನೆನಪಿಸುವಂತಿತ್ತು. ಆದರೆ ಅದರೊಳಗೆ ಹೋದವರಲ್ಲಿ ಅನೇಕರು ಜೀವಂತವಾಗಿ ಎದ್ದು ಬಂದರು.

ಗಾಳಿಯನ್ನು ಎಳೆದು ಬಿಡುವ ಕೆಲಸ ತಿದಿಯದು. ಕಮ್ಮಾರನ ಕುಲುಮೆಯಲ್ಲಿ ಬೆಂಕಿಗೆ ಗಾಳಿಯೂದುವ ತಿದಿಯನ್ನು ಕಂಡವರಿಗೆ ಇದರ ಬಗೆ ಕೂಡಲೇ ತಿಳಿದೀತು. ವಿದ್ಯುತ್ ಮೋಟಾರು ಆ ತಿದಿಯನ್ನು ಹಿಗ್ಗಿಸಿ ಕುಗ್ಗಿಸುತ್ತಿತ್ತು. ಅದರ ಲಯಕ್ಕೆ ತಕ್ಕಂತೆ ಪೆಟ್ಟಿಗೆಯೊಳಗಿನ ಎದೆ ಏರುತ್ತಿತ್ತು, ಇಳಿಯುತ್ತಿತ್ತು.

ಇನ್ನೊಂದು ಸುಧಾರಣೆ ಶುಶ್ರೂಷಕಿಯರ ಕಷ್ಟವನ್ನು ಅರಿತು ಮಾಡಿದ್ದು. ಕೈಕಾಲು ಆಡಿಸಲಾರದ ರೋಗಿಯ ಮೈ ಒರೆಸಬೇಕು, ಮಗ್ಗುಲು ಬದಲಿಸಬೇಕು, ಮಲಮೂತ್ರದ ವ್ಯವಸ್ಥೆ ನೋಡಬೇಕು. ಆದರೆ ಪೆಟ್ಟಿಗೆ ತೆರೆದರೆ ಉಸಿರು ನಿಲ್ಲುತ್ತದೆ. ಹೀಗಾಗಿ ಪ್ರತಿ ಗಳಿಗೆಗೂ ಲೆಕ್ಕವಿತ್ತು. ಬೋತ್ ಪೆಟ್ಟಿಗೆಯನ್ನು ಎರಡು ಭಾಗವಾಗಿ ತೆರೆಯುವಂತೆ ರೂಪಿಸಿದ್ದರಿಂದ ರೋಗಿಯ ಮೈಯನ್ನು ಥಟ್ಟನೆ ತಲುಪಿ, ಕೆಲಸ ಮುಗಿಸಿ, ಮತ್ತೆ ಮುಚ್ಚಲು ಸಾಧ್ಯವಾಯಿತು.

ಒಂದು ಯಂತ್ರಕ್ಕೆ ತಗುಲಿದ ವೆಚ್ಚ ಸುಮಾರು 100 ಪೌಂಡ್. ಮುಂದೆ ದೊಡ್ಡ ಪ್ರಮಾಣದಲ್ಲಿ ತಯಾರಾದಾಗ ಅದು ಅಮೆರಿಕದ ಯಂತ್ರದ ಹದಿಮೂರನೆಯ ಒಂದು ಭಾಗದಷ್ಟು ವೆಚ್ಚದಲ್ಲಿ ಸಿದ್ಧವಾಗುತ್ತಿತ್ತು. ಪಿಡುಗು ಏರಿದ ದಿನಗಳಲ್ಲಿ ಬೇಡಿಕೆ ಎಷ್ಟಿತ್ತೆಂದರೆ, ಕಾರ್ಯಾಗಾರದಿಂದ ಹೊರಬಿದ್ದ ಒಂದು ಗಂಟೆಯೊಳಗೆ ಯಂತ್ರದಲ್ಲಿ ರೋಗಿ ಮಲಗಿರುತ್ತಿದ್ದುದುಂಟು.

ಲಂಡನ್ನಿನಲ್ಲಿ ಕೇಳಿದ ಕರೆ

1938ರಲ್ಲಿ ಬೋತ್ ಇಂಗ್ಲೆಂಡಿಗೆ ಹೋದರು. ಹೊರಟದ್ದು ತಮ್ಮ ಇಸಿಜಿ ಯಂತ್ರಕ್ಕೆ ಮಾರುಕಟ್ಟೆ ಹುಡುಕಲು. ಆದರೆ ಅಲ್ಲಿಯೂ ಪೋಲಿಯೊ ತಲೆಯೆತ್ತಿತ್ತು. ಉಸಿರಾಡಲಾಗದ ಒಬ್ಬ ಎಳೆಯ ರೋಗಿಗಾಗಿ ಕಬ್ಬಿಣದ ಶ್ವಾಸಕೋಶ ಬೇಕೆಂಬ ಮನವಿ ರೇಡಿಯೊದಲ್ಲಿ ಬಿತ್ತರವಾದದ್ದನ್ನು ಬೋತ್ ಕೇಳಿದರು. ಸಾಮ್ರಾಜ್ಯದ ರಾಜಧಾನಿಯಲ್ಲಿಯೂ ಒಂದು ಯಂತ್ರಕ್ಕಾಗಿ ಹೀಗೆ ಬಾನುಲಿಯಲ್ಲಿ ಕೂಗಿ ಕೇಳಬೇಕಾದ ಸ್ಥಿತಿಯಿತ್ತು.

ವ್ಯಾಪಾರಕ್ಕೆಂದು ಬಂದವರು ಅದನ್ನು ಬದಿಗಿಟ್ಟು ಲಂಡನ್ನಿನಲ್ಲಿ ಒಂದು ಕಾರ್ಯಾಗಾರವನ್ನು ಬಾಡಿಗೆಗೆ ಹಿಡಿದರು. ಪರಿಚಯವಿಲ್ಲದ ಊರು. ಆದರೆ ಅವರ ಯಂತ್ರಕ್ಕೆ ಬೇಕಾದ ಹಲಗೆ, ರಬ್ಬರು, ಮೋಟಾರು ಯಾವ ಊರಿನಲ್ಲಿಯೂ ಸಿಗುವಂಥವು. ಅಡಿಲೇಡಿನಲ್ಲಿ ಮಾಡಿದ್ದನ್ನೇ ಅಲ್ಲಿಯೂ ಮಾಡಿದರು. ಸರಳ ವಿನ್ಯಾಸದ ನಿಜವಾದ ಶಕ್ತಿ ಇಲ್ಲಿ ಕಂಡುಬಂತು. ಲಂಡನ್ ಆಡಳಿತ ಇನ್ನಷ್ಟು ಯಂತ್ರಗಳನ್ನು ಕೇಳಿತು.

ಸೈಕಲ್ ರಿಪೇರಿಯಿಂದ ಬಂದ ದಾನಿ

ಆಕ್ಸ್‌ಫರ್ಡಿನ ರ‍್ಯಾಡ್‌ಕ್ಲಿಫ್ ಆಸ್ಪತ್ರೆಯಲ್ಲಿ ಆಗ ಅರಿವಳಿಕೆ ಶಾಸ್ತ್ರದ ಪ್ರೊಫೆಸರ್ ಆಗಿದ್ದವರು ನ್ಯೂಜಿಲೆಂಡ್ ಮೂಲದ ರಾಬರ್ಟ್ ಮ್ಯಾಕಿಂಟಾಷ್. ಅವರು ಬೋತ್ ಯಂತ್ರದ ಬಳಕೆಯ ಬಗ್ಗೆ ಒಂದು ಚಲನಚಿತ್ರವನ್ನು ಮಾಡಿಸಿದರು. ಅದನ್ನು ನೋಡಿದವರಲ್ಲಿ ಲಾರ್ಡ್ ನಫೀಲ್ಡ್ ಒಬ್ಬರು.

ಬ್ರಿಟನ್ನಿನ ಮೋಟಾರು ದೊರೆ ಎನಿಸಿದ್ದ ವಿಲಿಯಂ ಮಾರಿಸ್ ಅವರೇ ಈ ಲಾರ್ಡ್ ನಫೀಲ್ಡ್. 1877ರಲ್ಲಿ ಹುಟ್ಟಿದ ಅವರು ಹದಿಹರೆಯದಲ್ಲಿ ನಾಲ್ಕು ಪೌಂಡ್ ಬಂಡವಾಳದಿಂದ ಸೈಕಲ್ ರಿಪೇರಿ ಅಂಗಡಿ ತೆರೆದವರು. ಅಲ್ಲಿಂದ ಮಾರಿಸ್ ಕಾರುಗಳ ಸಾಮ್ರಾಜ್ಯವನ್ನೇ ಕಟ್ಟಿದರು. ಚಿಕ್ಕಂದಿನಲ್ಲಿ ಶಸ್ತ್ರವೈದ್ಯನಾಗಬೇಕೆಂಬ ಆಸೆಯಿತ್ತು, ಅದು ಕೈಗೂಡಲಿಲ್ಲ. ಆ ಕೊರತೆಯನ್ನು ಅವರು ದಾನದಿಂದ ತುಂಬಿಕೊಂಡರು. 1936ರಲ್ಲಿ ಆಕ್ಸ್‌ಫರ್ಡಿನ ವೈದ್ಯಶಿಕ್ಷಣಕ್ಕೆ 20 ಲಕ್ಷ ಪೌಂಡ್ ಕೊಟ್ಟರು. ಅರಿವಳಿಕೆ ಶಾಸ್ತ್ರಕ್ಕೂ ಒಂದು ಪೀಠ ಬೇಕೇ ಬೇಕೆಂದು ಹಟ ಹಿಡಿದು ಸ್ಥಾಪಿಸಿದವರೂ ಅವರೇ. ಮ್ಯಾಕಿಂಟಾಷ್ ಕುಳಿತಿದ್ದದ್ದು ಆ ಪೀಠದಲ್ಲಿ.

ಕಾರು ಕಟ್ಟಿ ಪಳಗಿದ ಕಣ್ಣಿಗೆ ಆ ಮರದ ಪೆಟ್ಟಿಗೆಯ ಗುಣ ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಕೆಲವೇ ಭಾಗಗಳು, ಸುಲಭದ ಜೋಡಣೆ, ಅಗ್ಗದ ಸಾಮಗ್ರಿ. ಸಾಲುಸಾಲಾಗಿ ತಯಾರಿಸಲು ಹೇಳಿ ಮಾಡಿಸಿದಂತಿತ್ತು. 1938ರ ಕೊನೆಯ ವೇಳೆಗೆ ನಫೀಲ್ಡ್ ಒಂದು ಘೋಷಣೆ ಮಾಡಿದರು. ಬ್ರಿಟಿಷ್ ಸಾಮ್ರಾಜ್ಯದ ಯಾವುದೇ ಆಸ್ಪತ್ರೆ ಕೇಳಿದರೂ ಬೋತ್ ಯಂತ್ರವನ್ನು ಉಚಿತವಾಗಿ ಕೊಡುವುದಾಗಿ ತಿಳಿಸಿದರು. ಆಗ ಆ ಸಾಮ್ರಾಜ್ಯದ ಭಾಗವಾಗಿದ್ದ ಭಾರತವೂ ಈ ಕೊಡುಗೆಯ ವ್ಯಾಪ್ತಿಯೊಳಗಿತ್ತು.

ಆಕ್ಸ್‌ಫರ್ಡ್ ಬಳಿಯ ಕೌಲಿಯಲ್ಲಿದ್ದ ಮಾರಿಸ್ ಕಾರು ಕಾರ್ಖಾನೆಯ ಒಂದು ಭಾಗ ಉಸಿರಾಟ ಯಂತ್ರಗಳಿಗೆ ಮೀಸಲಾಯಿತು. ಅಲ್ಲಿಂದ ಸುಮಾರು 1,700 ಯಂತ್ರಗಳು ಹೊರಬಂದವು. 1950ರ ದಶಕದ ಆರಂಭದಲ್ಲಿ ಬ್ರಿಟನ್ ಒಂದರಲ್ಲಿಯೇ 700ಕ್ಕಿಂತ ಹೆಚ್ಚು ಬೋತ್ ಯಂತ್ರಗಳಿದ್ದವು. ಡ್ರಿಂಕರ್ ಮಾದರಿಯವು 50ರಷ್ಟು ಮಾತ್ರ. ಹೆಚ್ಚು ಗಟ್ಟಿಯಾದ ಯಂತ್ರ ಅಪರೂಪವಾಗಿಯೇ ಉಳಿಯಿತು, ಮರದ ಯಂತ್ರ ಊರೂರನ್ನು ತಲುಪಿತು.

ಟೀಕೆಯೂ ಬಂತು

ಈ ಕೊಡುಗೆಯನ್ನು ಎಲ್ಲರೂ ಒಂದೇ ಬಗೆಯಾಗಿ ಸ್ವಾಗತಿಸಲಿಲ್ಲ. ವೈದ್ಯಲೋಕದ ಕೆಲವು ಹಿರಿಯರು ಆಕ್ಷೇಪವೆತ್ತಿದರು. ಯಂತ್ರವನ್ನು ಹಂಚಿದರೆ ಸಾಲದು, ಅದನ್ನು ನಡೆಸಬಲ್ಲವರು ಬೇಕು ಎಂಬುದು ಅವರ ವಾದ. ಕುತ್ತಿಗೆಯ ಪಟ್ಟಿ ಬಿಗಿಯಾದರೂ ಕಷ್ಟ, ಸಡಿಲವಾದರೂ ಕಷ್ಟ. ಗಂಟಲಿನ ಸ್ನಾಯುಗಳೂ ಸೋತ ರೋಗಿಯಾದರೆ ಜೊಲ್ಲು ಕಫಗಳನ್ನು ನುಂಗಲಾರ. ಯಂತ್ರ ಉಸಿರಿನೊಂದಿಗೆ ಅವನ್ನೂ ಶ್ವಾಸಕೋಶಕ್ಕೆ ಎಳೆದೀತು. ವರ್ಷಕ್ಕೊಮ್ಮೆಯೂ ಇಂಥ ರೋಗಿಯನ್ನು ಕಾಣದ ಸಣ್ಣ ಆಸ್ಪತ್ರೆಯ ಮೂಲೆಯಲ್ಲಿ ಯಂತ್ರ ದೂಳು ತಿನ್ನುತ್ತ ನಿಂತರೆ ಪ್ರಯೋಜನವೇನು ಎಂದು ಅವರು ಕೇಳಿದರು.

ಈ ಟೀಕೆಯಲ್ಲಿ ಹುರುಳಿತ್ತು. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಉಸಿರಾಟ ಯಂತ್ರಗಳ ಕುರಿತು ಸಮಿತಿಯೊಂದರಿಂದ ಅಧ್ಯಯನ ಮಾಡಿಸಿ 1939ರಲ್ಲಿ ವರದಿಯನ್ನು ಪ್ರಕಟಿಸಿತು. ಯಂತ್ರದ ಜತೆಗೆ ಅದರ ಬಳಕೆಯ ಶಾಸ್ತ್ರವೂ ಬೆಳೆಯಬೇಕಾಗಿತ್ತು. ಆದರೆ ಇನ್ನೊಂದು ಮಾತೂ ಅಷ್ಟೇ ನಿಜ. ಯಂತ್ರವೇ ಇಲ್ಲದ ಕಡೆ ಅದನ್ನು ನಡೆಸುವ ವಿದ್ಯೆ ಬೆಳೆಯುವುದಾದರೂ ಹೇಗೆ? ಉಸಿರು ನಿಂತ ಮಗುವನ್ನು ದೂರದ ನಗರಕ್ಕೆ ಸಾಗಿಸಿ ಪರಿಣತರ ಕೈಗೊಪ್ಪಿಸುವ ಅವಕಾಶವನ್ನು ಪೋಲಿಯೊ ಕೊಡುತ್ತಿರಲಿಲ್ಲ. ಹತ್ತಿರದಲ್ಲಿ ಒಂದು ಯಂತ್ರ ಇತ್ತೇ ಇಲ್ಲವೇ ಎಂಬುದರ ಮೇಲೆ ಆ ಮಗುವಿನ ಅಳಿವು ಉಳಿವು ನಿಂತಿತ್ತು.

ಬೋತ್ ಅವರಿಗೆ ಬ್ರಿಟಿಷ್ ಸರ್ಕಾರದ ಓಬಿಇ ಗೌರವ ಸಂದಿತು. ಯಂತ್ರವಾದರೋ ಬ್ರಿಟನ್ನಿನಲ್ಲಿ ಬೋತ್-ನಫೀಲ್ಡ್ ಯಂತ್ರವೆಂಬ ಜೋಡಿ ಹೆಸರಿನಿಂದ ಪ್ರಸಿದ್ಧವಾಯಿತು. ಕಟ್ಟಿದವನ ಹೆಸರಿನ ಜತೆಗೆ ಕೊಟ್ಟವನ ಹೆಸರೂ ಸೇರಿಕೊಂಡಿತು.

ಯುದ್ಧ ಮತ್ತು ಆನಂತರ

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಬೋತ್ ಅವರ ಬುದ್ಧಿ ಬೇರೆ ಬೇರೆ ದಿಕ್ಕಿಗೆ ಹರಿಯಿತು. ಪೆಟ್ರೋಲಿನ ಅಭಾವವಿದ್ದ ಆ ಕಾಲದಲ್ಲಿ ವಿದ್ಯುತ್ತಿನಿಂದ ಓಡುವ ಸರಕು ವಾಹನಗಳನ್ನು ರೂಪಿಸಿದರು. ಒಂದೆಡೆ ಬರೆದ ಚಿತ್ರ, ರೇಖೆಗಳನ್ನು ದೂರದ ಇನ್ನೊಂದೆಡೆಗೆ ತಂತಿಯ ಮೂಲಕ ಕಳುಹಿಸುವ ವಿಸಿಟೆಲ್ ಎಂಬ ಸಾಧನವನ್ನು ಸಿದ್ಧಪಡಿಸಿದರು. ಮುಂದೆ ಕಚೇರಿಗಳಲ್ಲಿ ಬಳಕೆಗೆ ಬಂದ ಫ್ಯಾಕ್ಸ್ ಯಂತ್ರವನ್ನು ನೆನಪಿಸುವ ಸಾಧನವದು.

ಅವಧಿಗೆ ಮುನ್ನ ಹುಟ್ಟಿದ ಶಿಶುಗಳನ್ನು ಬೆಚ್ಚಗೆ, ತೇವಾಂಶದ ಹದದಲ್ಲಿ ಕಾಪಾಡುವ ತೊಟ್ಟಿಲು ಪೆಟ್ಟಿಗೆಯೂ ಅವರ ಕೊಡುಗೆಗಳಲ್ಲಿ ಒಂದು. ಬದುಕಿಗೂ ಸಾವಿಗೂ ನಡುವೆ ತೂಗಾಡುವ ಜೀವಕ್ಕೆ ಕೆಲವು ದಿನಗಳ ಆಸರೆಯೊದಗಿಸುವುದು, ಉಳಿದದ್ದನ್ನು ದೇಹಕ್ಕೇ ಬಿಡುವುದು. ಉಸಿರಾಟದ ಪೆಟ್ಟಿಗೆಯ ಹಿಂದಿದ್ದ ತಿಳಿವೇ ಇಲ್ಲಿಯೂ ಕೆಲಸ ಮಾಡಿದೆ.

ಕೋಪನ್‌ಹೇಗನ್ನಿನಲ್ಲಿ ತಿರುಗಿದ ಚಕ್ರ

ಬೋತ್ ಯಂತ್ರದ ಯುಗ ಮುಗಿಯಲು ಕಾರಣವಾದದ್ದು ಮತ್ತೊಂದು ಪಿಡುಗು. ಅಲ್ಲಿಯೂ ಯಂತ್ರದ ಅಭಾವವೇ ಹೊಸ ದಾರಿಯನ್ನು ತೆರೆಯಿತು. 1952ರಲ್ಲಿ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ಭೀಕರವಾಗಿ ಹಬ್ಬಿತು. ಅಲ್ಲಿಯ ಬ್ಲೆಗ್ಡಮ್ ಆಸ್ಪತ್ರೆಯಲ್ಲಿದ್ದದ್ದು ಇಡೀ ದೇಹವನ್ನು ಒಳಗೊಳ್ಳುವ ಒಂದು ಯಂತ್ರ, ಎದೆಗೆ ಮಾತ್ರ ಕಟ್ಟುವ ಆರು ಯಂತ್ರಗಳು. ಉಸಿರು ಸೋತ ಮೊದಲ 31 ರೋಗಿಗಳಲ್ಲಿ 27 ಮಂದಿ ಸತ್ತರು.

ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಬೇರೆ ದಾರಿ ತೋರಿಸಿದರು. ಎದೆಯನ್ನು ಹೊರಗಿನಿಂದ ಹಿಗ್ಗಿಸುವುದರ ಬದಲು ಗಂಟಲಿನಲ್ಲಿ ರಂಧ್ರ ಮಾಡಿ, ಕೊಳವೆಯಿಟ್ಟು, ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ನೇರವಾಗಿ ಶ್ವಾಸಕೋಶಕ್ಕೆ ಗಾಳಿ ತುಂಬಿದರು. ಮೊದಲು ಉಳಿದವಳು ಹನ್ನೆರಡು ವರ್ಷದ ಬಾಲಕಿ. ಯಂತ್ರಗಳಿರಲಿಲ್ಲವಾದ್ದರಿಂದ ಸುಮಾರು 1,500 ವೈದ್ಯ ವಿದ್ಯಾರ್ಥಿಗಳು ಸರದಿಯಲ್ಲಿ ಕುಳಿತು ತಿಂಗಳುಗಟ್ಟಲೆ ಚೀಲ ಒತ್ತಿದರು. ಪಿಡುಗು ತಾರಕಕ್ಕೇರಿದಾಗ ಏಕಕಾಲಕ್ಕೆ 70 ಮಂದಿ ರೋಗಿಗಳು ಹೀಗೆ ಪರರ ಕೈಬಲದಿಂದ ಉಸಿರಾಡುತ್ತಿದ್ದರು. ಸಾವಿನ ಪ್ರಮಾಣ ಶೇಕಡ 87ರಿಂದ ಕ್ರಮೇಣ ಶೇಕಡ 25ರ ಆಸುಪಾಸಿಗೆ ಇಳಿಯಿತು. ಇಂದಿನ ತೀವ್ರ ನಿಗಾ ಘಟಕದ ಹುಟ್ಟು ಅಲ್ಲಿಂದ ಎನ್ನುತ್ತಾರೆ.

ಗಾಳಿಯನ್ನು ಒಳಗೆ ತಳ್ಳುವ ವೆಂಟಿಲೇಟರುಗಳು ಮುಂದೆ ಆಸ್ಪತ್ರೆಗಳನ್ನು ಆವರಿಸಿಕೊಂಡವು. 1955ರಲ್ಲಿ ಜೋನಾಸ್ ಸಾಕ್ ಅವರ ಲಸಿಕೆ ಬಂತು, ತರುವಾಯ ಆಲ್ಬರ್ಟ್ ಸೇಬಿನ್ ಅವರ ಬಾಯಿಹನಿ ಬಂತು. ಪೋಲಿಯೊ ಹಿಮ್ಮೆಟ್ಟಿತು. ಮರದ ಪೆಟ್ಟಿಗೆಗಳು ಒಂದೊಂದಾಗಿ ವಾರ್ಡುಗಳಿಂದ ಉಗ್ರಾಣಕ್ಕೆ, ಉಗ್ರಾಣದಿಂದ ವಸ್ತುಸಂಗ್ರಹಾಲಯಕ್ಕೆ ಸರಿದವು. ಕಟ್ಟಿದ ಯಂತ್ರ ಇನ್ನು ಬೇಕಿಲ್ಲ ಎನ್ನುವಂಥ ಕಾಲವನ್ನು ಬೋತ್ ಕಣ್ಣಾರೆ ಕಂಡರು. ಉಸಿರಾಟ ಯಂತ್ರ ಕಟ್ಟಿದವನಿಗೆ ಇದಕ್ಕಿಂತ ಸಂತೋಷದ ಸೋಲು ಬೇರೆ ಇರಲಾರದು. 1987ರಲ್ಲಿ ವಿಕ್ಟೋರಿಯ ರಾಜ್ಯದಲ್ಲಿ ಅವರು ಕೊನೆಯುಸಿರೆಳೆದರು. ಆಗ ಅವರಿಗೆ 79 ವರ್ಷ.

ಭಾರತದಲ್ಲಿ ಕಾಡು ವೈರಾಣುವಿನ ಪೋಲಿಯೊ ಕೊನೆಯದಾಗಿ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಒಂದು ಮಗುವಿನಲ್ಲಿ. 2014ರ ಮಾರ್ಚ್ 27ರಂದು ದೇಶಕ್ಕೆ ಪೋಲಿಯೊಮುಕ್ತ ಪ್ರಮಾಣಪತ್ರ ದೊರೆಯಿತು.

ಮತ್ತೆ ಅದೇ ಪ್ರಶ್ನೆ

ಆರು ವರ್ಷಗಳಲ್ಲಿ, 2020ರ ಮಾರ್ಚಿನಲ್ಲಿ, ಹಳೆಯ ಪ್ರಶ್ನೆ ಹೊಸ ರೋಗದ ವೇಷದಲ್ಲಿ ಬಂದು ನಿಂತಿತು. ಯಂತ್ರಗಳು ಕೆಲವು, ಉಸಿರಿಗೆ ಬಾಯ್ಬಿಡುವವರು ಅಸಂಖ್ಯ. ಕೌಲಿಯಲ್ಲಿ 1938ರಲ್ಲಿ ನಡೆದದ್ದು ಜಗತ್ತಿನಾದ್ಯಂತ ಮರುಕಳಿಸಿತು. ಅಮೆರಿಕದಲ್ಲಿ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಕಾರ್ಖಾನೆಗಳು ವೆಂಟಿಲೇಟರ್ ತಯಾರಿಕೆಗೆ ಇಳಿದವು. ಕರ್ನಾಟಕವೂ ಈ ಕೆಲಸದಲ್ಲಿ ಪಾಲುಗೊಂಡಿತು. ರೇಡಾರ್ ಮತ್ತು ರಕ್ಷಣಾ ಉಪಕರಣಗಳಿಗೆ ಹೆಸರಾದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಮೈಸೂರಿನ ಸ್ಕ್ಯಾನ್‌ರೇ ಕಂಪನಿಯೊಡನೆ ಕೂಡಿ 30,000 ವೆಂಟಿಲೇಟರುಗಳ ತಯಾರಿಕೆಯನ್ನು ಕೈಗೆತ್ತಿಕೊಂಡಿತು. ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ, ಸಣ್ಣ ಕಾರ್ಯಾಗಾರಗಳಲ್ಲಿ ಕೈಚೀಲವನ್ನು ಮೋಟಾರಿನಿಂದ ಒತ್ತಿಸುವ ಅಗ್ಗದ ಮಾದರಿಗಳು ಹುಟ್ಟಿಕೊಂಡವು.

ನಫೀಲ್ಡ್ ಎದುರಿಸಿದ ಟೀಕೆಯೂ ಮರುಕಳಿಸಿತು. ಹಂಚಿಕೆಯಾದ ವೆಂಟಿಲೇಟರುಗಳು ತರಬೇತಿ ಪಡೆದ ಸಿಬ್ಬಂದಿಯಿಲ್ಲದೆ ಆಸ್ಪತ್ರೆಗಳ ಮೂಲೆಯಲ್ಲಿ ಉಳಿದ ಸುದ್ದಿಗಳು 2021ರಲ್ಲಿ ದೇಶದ ಹಲವು ರಾಜ್ಯಗಳಿಂದ ಬಂದವು. ಕೊರೊನಾ ಹಾನಿ ಮಾಡಿದ್ದು ಶ್ವಾಸಕೋಶಕ್ಕೇ ಆದ್ದರಿಂದ ಯಂತ್ರ ನಡೆಸುವವರ ಪರಿಣತಿ ಪೋಲಿಯೊ ಕಾಲಕ್ಕಿಂತಲೂ ಹೆಚ್ಚು ಬೇಕಾಗಿತ್ತು. ಯಂತ್ರ ಅಗ್ಗವಾಗಬಹುದು, ಬೇಗ ಸಿದ್ಧವಾಗಬಹುದು. ಅದರ ಪಕ್ಕದಲ್ಲಿ ಹಗಲಿರುಳು ನಿಲ್ಲುವ ಕೈಗಳನ್ನು ಅಷ್ಟು ಬೇಗ ಸಿದ್ಧಪಡಿಸಲಾಗದು. 1939ರಲ್ಲಿ ಬ್ರಿಟನ್ ಕಲಿತ ಪಾಠವನ್ನು ಎಂಟು ದಶಕಗಳ ಬಳಿಕ ನಾವೂ ಕಲಿಯಬೇಕಾಯಿತು.

ಬೋತ್ ತಮ್ಮ ಯಂತ್ರವನ್ನು ಪಿಡುಗು ಮುಗಿದ ಮೇಲೆ ಬಿಡುವಾಗಿ ಕುಳಿತು ಕಟ್ಟಲಿಲ್ಲ. ವಾರ್ಡಿನಲ್ಲಿ ಮಕ್ಕಳು ಏದುಸಿರು ಬಿಡುತ್ತಿದ್ದಾಗ ಕಟ್ಟಿದರು. ಶುಶ್ರೂಷಕಿಯ ಕೈ ಎಲ್ಲಿ ತಲುಪಬೇಕೆಂಬುದನ್ನು ಗಮನಿಸಿ ಕಟ್ಟಿದರು. ದೂರದ ಊರಿನ ಬಡಗಿಯೂ ಮಾಡಿಕೊಡಬಹುದಾದ ಹಾಗೆ ಕಟ್ಟಿದರು. ಇಂದು ಅವರ ಯಂತ್ರಗಳು ವಸ್ತುಸಂಗ್ರಹಾಲಯಗಳಲ್ಲಿ ಸದ್ದಿಲ್ಲದೆ ನಿಂತಿವೆ. ಶಾಲಾ ಮಕ್ಕಳು ಅವುಗಳ ಮುಂದೆ ಹಾದುಹೋಗುವಾಗ ಅದನ್ನು ದೊಡ್ಡ ಮರದ ಸಂದೂಕವೆಂದೇ ಭಾವಿಸಬಹುದು. ಅದರ ಒಂದು ತುದಿಯಲ್ಲಿ, ಕುತ್ತಿಗೆಯೊಂದು ಹಾಯುವಷ್ಟು ಅಗಲದ ರಂಧ್ರವಿದೆ.